ಇಂಚಿನ ಲೆಕ್ಕ

ಚಪ್ಪಲಿ ಹೊರಗಿನ ಸ್ಟ್ಯಾಂಡಿನಲ್ಲಿ ಬಿಡಿ. ಗಾಜಿನ ಬಾಗಿಲು ತಳ್ಳಿದ ಕೂಡಲೇ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತವೆ, ಕಾಯಿಸಿದ ವ್ಯಾಕ್ಸ್‌ನದು ಒಂದು, ಹೇರ್ ಡೈನದು ಇನ್ನೊಂದು. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಬೀದಿ. ಕೆಳಗೆ ಸೀರೆಗೆ ಫಾಲ್ಸ್, ಪಿಕೋ ಹಾಕುವ ಅಂಗಡಿ, ಮೇಲೆ ಈ ಪಾರ್ಲರ್. ಆಷಾಢವಾದ್ದರಿಂದ ಮದುವಣಗಿತ್ತಿಯರ ಮೇಕಪ್ ಕುರ್ಚಿಗಳೆಲ್ಲ ಖಾಲಿ. ಬಟ್ಟೆ ಅಂಗಡಿಯವರು ಕೊಡುವ ಹಾಗೆ ಇವರೂ ಆಷಾಢದ ಆಫರ್ ಕೊಟ್ಟಿದ್ದಾರೆ: ‘ಇಂಚ್ ಲಾಸ್, ಶೇ 40 ರಿಯಾಯಿತಿ’. ಶ್ರಾವಣದಲ್ಲಿ ನಿಮ್ಮ ನಾದಿನಿಯ ಮಗಳ ಮದುವೆ. ಹೋದ ವರ್ಷ ಹೊಲಿಸಿದ ರವಿಕೆಯ ಹುಕ್ಕು ಮೊನ್ನೆ ಕೂಡಲಿಲ್ಲ. ಟೈಲರ್ ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಆಯಿತು, ಇನ್ನು ಬಿಚ್ಚಲು ಬಟ್ಟೆಯಿಲ್ಲ.

ಬಿಳಿ ಕೋಟು ತೊಟ್ಟವರೊಬ್ಬರು ಬಂದು ಕೂರಿಸುತ್ತಾರೆ. ಡಾಕ್ಟರಲ್ಲ, ಕೌನ್ಸೆಲರ್. ಆದರೂ ಬಿಳಿ ಕೋಟು ಕಂಡರೆ ನಾವು ಬಹುಮಟ್ಟಿಗೆ ನಿಜ ಹೇಳಿಬಿಡುತ್ತೇವೆ. ಥೈರಾಯ್ಡ್? ಇದೆ. ಶುಗರ್? ಬಾರ್ಡರ್. ಹೆರಿಗೆ? ಎರಡೂ ಸಿಸೇರಿಯನ್. ಪೇಸ್‌ಮೇಕರ್, ಮೈಯೊಳಗೆ ರಾಡು, ಪ್ಲೇಟು? ಇಲ್ಲ. ಕಾಫಿ ದಿನಕ್ಕೆಷ್ಟು? ಇಲ್ಲಿ ಮಾತ್ರ ಒಂದು ಲೋಟ ಕಡಿಮೆ ಹೇಳುತ್ತೀರಿ.

ಆಮೇಲೆ ಬರಿಗಾಲಲ್ಲಿ ಲೋಹದ ತಟ್ಟೆಯ ಮೇಲೆ ನಿಂತು, ಎರಡು ಹಿಡಿಗಳನ್ನು ಹಿಡಿದುಕೊಳ್ಳಬೇಕು. ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮೈಯೊಳಗೆ ಹಾದುಹೋಗುತ್ತದೆ. ನೀರು ತುಂಬಿದ ಮಾಂಸಖಂಡದಲ್ಲಿ ಅದಕ್ಕೆ ದಾರಿ ಸಲೀಸು, ಕೊಬ್ಬಿನಲ್ಲಿ ಅಡ್ಡಿ. ಆ ಅಡ್ಡಿಯನ್ನು ಅಳೆದು ಯಂತ್ರ ಕೊಬ್ಬಿನ ಅಂದಾಜು ಹಾಕುತ್ತದೆ. ಅಂದಾಜು ಅಷ್ಟೇ, ನೀರು ಕುಡಿದು ಬಂದರೊಂದು, ಬೆವರಿ ಬಂದರೊಂದು. ಚೀಟಿ ಹೊರಬರುತ್ತದೆ. ಬಿಎಂಐ 26.4, ಕೆಳಗೆ ಕೆಂಪಕ್ಷರದಲ್ಲಿ ‘ಒಬೀಸ್’. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಬೊಜ್ಜು ಶುರುವಾಗುವುದು 30ಕ್ಕೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬಂದು ಸಕ್ಕರೆ ಕಾಯಿಲೆ ಅಂಟುವುದರಿಂದ ನಮ್ಮ ವೈದ್ಯರು 2009ರಲ್ಲಿ ಆ ಗೆರೆಯನ್ನು 25ಕ್ಕೆ ಇಳಿಸಿದರು. ಎಚ್ಚರಿಕೆಗೆಂದು ಎಳೆದ ಗೆರೆ ಈ ಮೇಜಿನ ಮೇಲೆ ವ್ಯಾಪಾರಕ್ಕೆ ಒದಗಿಬಂದಿದೆ.

“ನೋಡಿ ಮೇಡಂ, ನಿಮ್ಮ ವಯಸ್ಸು 44, ಬಾಡಿ ವಯಸ್ಸು 53 ತೋರಿಸ್ತಿದೆ.”

ಯಂತ್ರದ ಜೊತೆ ಜಗಳ ಆಡುವುದು ಹೇಗೆ? ಒಂದು ಟ್ರಯಲ್ ಸಿಟ್ಟಿಂಗಿಗೆ ಹೂಂ ಅನ್ನುತ್ತೀರಿ.

ಒಳಕೋಣೆಗೆ ಕರೆದೊಯ್ಯುವ ಹುಡುಗಿ ಗದಗದ ಕಡೆಯವಳು. ಪರದೆ ಎಳೆಯುತ್ತಾಳೆ, ತೆಳ್ಳನೆಯ ಕಾಗದದಂಥ ಒಳಉಡುಪು ಕೊಟ್ಟು ಆ ಕಡೆ ತಿರುಗಿ ನಿಲ್ಲುತ್ತಾಳೆ. ಎದುರು ಆಳೆತ್ತರದ ಕನ್ನಡಿ, ಮೇಲೆ ಟ್ಯೂಬ್‌ಲೈಟು. ಮನೆಯ ಕನ್ನಡಿಗೆ ಸೆರಗಿನ ದಾಕ್ಷಿಣ್ಯವಾದರೂ ಇರುತ್ತದೆ. ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಟೇಪು ಬಿಚ್ಚಿ ಹುಡುಗಿ ಹೊಕ್ಕುಳ ಮೇಲೆ, ಹೊಕ್ಕುಳ ನೇರಕ್ಕೆ, ಕೆಳಗೆ, ತೊಡೆ, ತೋಳು ಎಂದು ಅಳೆಯುತ್ತಾ ಬರುತ್ತಾಳೆ.

“ಉಸುರು ಬಿಡ್ರಿ ಅಕ್ಕಾರ, ಹೊಟ್ಟಿ ಸಡ್ಲ ಬಿಡ್ರಿ. ಹಿಡ್ಕೊಂಡು ನಿಂತ್ರ ಲೆಕ್ಕ ತಪ್ಪತೈತಿ.”

ವರ್ಷಗಟ್ಟಲೆ ಫೋಟೋಗಳಿಗೆ ಒಳಕ್ಕೆ ಎಳೆದುಕೊಂಡೇ ನಿಂತ ಹೊಟ್ಟೆ. ಅದನ್ನು ಸಡಿಲ ಬಿಡು ಎಂದು ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಬಿಡುತ್ತೀರಿ. ಮೂವತ್ತೊಂಬತ್ತು ಇಂಚು. ಟೇಪಿನ ಒಳಗೆ ಅವಳ ತೋರುಬೆರಳೂ ಸೇರಿದೆ, ಗಮನಿಸಿಟ್ಟುಕೊಳ್ಳಿ.

ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ, ಬೆನ್ನಿಗೆ ಚಳಿ. ಹೊಟ್ಟೆಯ ಮೇಲೆ ಜೆಲ್ ಸುರಿದಾಗ ಇನ್ನೂ ಚಳಿ. ಹುಡುಗಿ ಸಿಸೇರಿಯನ್ ಗೆರೆಯ ಸುತ್ತ ಬೆರಳಾಡಿಸಿ, “ಇಲ್ಲಿ ಮುಟ್ಟಿದ್ದು ಗೊತ್ತಾಗಂಗಿಲ್ಲ ಅಲ್ಲರಿ? ನಮ್ಮ ಅಕ್ಕಗೂ ಹಂಗ ಐತಿ. ಅಲ್ಲಿ ನಾ ಬಿಸಿ ಹಚ್ಚಂಗಿಲ್ಲ” ಅನ್ನುತ್ತಾಳೆ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಬಿಳಿ ಕೋಟಿನವರು ಫಾರಂ ತುಂಬಿಸಿಕೊಂಡರೇ ಹೊರತು ಇದನ್ನು ಕೇಳಲಿಲ್ಲ.

ಮೊದಲಿಗೆ ಕ್ಯಾವಿಟೇಷನ್. ಕೈಹಿಡಿಯ ತುದಿಯ ಲೋಹ ಸೆಕೆಂಡಿಗೆ 40,000 ಸಲ ಕಂಪಿಸುತ್ತದೆ. ಮನುಷ್ಯರ ಕಿವಿಯ ಮಿತಿ 20,000. ಆದರೂ ಅದು ಪಕ್ಕೆಲುಬಿನ ಹತ್ತಿರ ಬಂದಾಗ ಮೂಳೆಯೊಳಗಿಂದ ಏರಿ ತಲೆಯಲ್ಲಿ ಜೀರುಂಡೆ ಕೂತಂತೆ ಕಿರ್‌ರ್ ಅನ್ನುತ್ತದೆ. ಪಕ್ಕದಲ್ಲಿ ನಿಂತವಳಿಗೆ ಏನೂ ಕೇಳಿಸದು, ಶಬ್ದ ನಿಮಗೊಬ್ಬರಿಗೇ. ಶಬ್ದದಲೆಯಿಂದ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಅವುಗಳ ಹೊಡೆತಕ್ಕೆ ಕೊಬ್ಬಿನ ಕೋಶಗಳೂ ಒಡೆಯುತ್ತವೆ, ಗೋಡೆಯ ಚಿತ್ರಪಟ ಹೇಳುವುದು ಇಷ್ಟು. ಒಡೆದ ಕೊಬ್ಬು ಎಲ್ಲಿಗೆ ಹೋಗುತ್ತದೆ?

“ಬಾತ್‌ರೂಮ್‌ನಾಗ ಹೊಕ್ಕೈತಂತ್ರಿ. ಹಂಗ ಹೇಳಂತ ಕಲಿಸ್ಯಾರ.”

ಹೋಗುವುದಿಲ್ಲ. ಕೋಶದಿಂದ ಹೊರಬಿದ್ದ ಕೊಬ್ಬನ್ನು ದೇಹ ಉರಿಸಬೇಕು, ಇಲ್ಲವಾದರೆ ಮತ್ತೆಲ್ಲಾದರೂ ತುಂಬಿಡುತ್ತದೆ. ಉರಿದದ್ದು ಎತ್ತ ಹೋಗುತ್ತದೆಂದು ಆಸ್ಟ್ರೇಲಿಯಾದ ಇಬ್ಬರು 2014ರಲ್ಲಿ ಲೆಕ್ಕ ಹಾಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈ ಆಕ್ಸೈಡಾಗಿ ಮೂಗು ಬಾಯಿಗಳಿಂದ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಅಂದರೆ ತೂಕ ಇಳಿಯುವುದು ಹೆಚ್ಚಾಗಿ ಉಸಿರಿನಲ್ಲಿ. ಮಲಗಿದಲ್ಲೇ ಜೋರಾಗಿ ಉಸಿರಾಡಿದರೂ ಫಲವಿಲ್ಲ, ಏದುಸಿರು ಬರುವ ಕೆಲಸ ಮಾಡಿದರೆ ಉಂಟು.

ಪರದೆಯ ಆಚೆ ಮಂಚದಿಂದ ದನಿ ಬರುತ್ತದೆ. “ಏನ್ರೀ, ಮೊದಲ್ನೇ ಸಲಾನಾ?” ಮುಖ ಕಾಣದ ಹೆಂಗಸರ ಮಾತಿಗೆ ಇಲ್ಲಿ ಸಂಕೋಚವಿಲ್ಲ, ಇಬ್ಬರೂ ಅರೆಬೆತ್ತಲೆ, ಇಬ್ಬರ ಮೇಲೂ ಜೆಲ್. ಅವರದು ರಾಜಾಜಿನಗರವಂತೆ. 2022ರ ಮೇ ತಿಂಗಳಲ್ಲಿ ಅವರ ಮನೆಯಿಂದ ದೂರವೇನಲ್ಲದ ಕ್ಲಿನಿಕ್ಕಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಸತ್ತಳಲ್ಲ, ಅಂದಿನಿಂದ ಆಪರೇಷನ್ ಅಂದರೆ ಇವರಿಗೆ ನಡುಕ. “ಅದಕ್ಕೇ ನೋಡಿ ಮೆಷಿನ್ನಿಗೆ ಬಂದೆ. ನಮ್ಮ ಸೊಸೆ ಈಗ ಇಂಜೆಕ್ಷನ್ ತಗೋತಾಳೆ, ವಾರಕ್ಕೊಂದು. ಊಟಾನೇ ಸೇರಲ್ಲ ಅವಳಿಗೆ. ಹಬ್ಬದ ದಿನ ಹೋಳಿಗೆ ಅರ್ಧ ಬಿಟ್ಲು ಅಂದ್ರೆ!” 2025ರಲ್ಲಿ ಮೌಂಜಾರೋ, ವೆಗೋವಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಇಂಥ ಪಾರ್ಲರುಗಳ ಒಳಕೋಣೆಯಲ್ಲಿ ಈ ಮಾತು ಬರದ ದಿನವೇ ಇರಲಿಕ್ಕಿಲ್ಲ. ಆ ಔಷಧ ಹಸಿವಿನ ಮೇಲೇ ಕೈಯಿಡುತ್ತದೆ, ಅದನ್ನು ಡಾಕ್ಟರು ಬರೆದುಕೊಡಬೇಕು. ಇಲ್ಲಿನ ಯಂತ್ರಗಳಿಗೆ ಹಸಿವಿನ ಸುದ್ದಿಯೇ ಬೇಡ.

ಈಗ ರೇಡಿಯೋ ಫ್ರೀಕ್ವೆನ್ಸಿ. ಇದು ಹಿತವಾಗಿದೆ. ಬೆಚ್ಚಗಿನ ಹಿಡಿ ಹೊಟ್ಟೆಯ ಮೇಲೆ ಸುತ್ತುತ್ತಲೇ ಇರುತ್ತದೆ. ಹುಡುಗಿ ಕೈ ನಿಲ್ಲಿಸುವಂತಿಲ್ಲ, ನಿಂತಲ್ಲೇ ನಿಂತರೆ ಚರ್ಮ ಸುಡುತ್ತದೆ. ಆಗಾಗ ಜ್ವರ ನೋಡುವ ಪಿಸ್ತೂಲಿನಂಥದ್ದನ್ನು ಹಿಡಿದು ‘41’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಮೇಲಿನ ಚರ್ಮ ಒಂದಿಷ್ಟು ಬಿಗಿದಂತೆ ಕಂಡರೂ ಕಾಣಬಹುದು. ಆದರೆ ಡಾಕ್ಟರು ಹೆದರಿಸುವ ಕೊಬ್ಬು, ಶುಗರ್ ತರುವಂಥದ್ದು, ಇರುವುದು ಇನ್ನೂ ಒಳಗೆ, ಕರುಳು ಯಕೃತ್ತುಗಳ ಸುತ್ತ. ಈ ಕೋಣೆಯ ಯಾವ ಹಿಡಿಯೂ ಅಲ್ಲಿಗೆ ಮುಟ್ಟುವುದಿಲ್ಲ.

ಮಲಗಿದಲ್ಲಿಂದ ಕಾಣುವ ದೊಡ್ಡ ಪೋಸ್ಟರು ‘ಫ್ಯಾಟ್ ಫ್ರೀಜಿಂಗ್’ನದು, ಇಲ್ಲಿನ ಅತಿ ದುಬಾರಿ ಐಟಂ. ಅದರ ಮೂಲ ನನಗೆ ಇಷ್ಟವಾದ ಕಥೆ. ಐಸ್ ಕ್ಯಾಂಡಿ ಚೀಪಿದ ಹಸುಗೂಸಿನ ಕೆನ್ನೆ ಕೆಂಪಗೆ ಗಟ್ಟಿಯಾಗಿ, ಆಮೇಲೆ ಅಲ್ಲಿನ ಕೊಬ್ಬು ತಾತ್ಕಾಲಿಕವಾಗಿ ಕರಗಿದ್ದನ್ನು ಅಮೆರಿಕದ ವೈದ್ಯರು 1970ರಲ್ಲಿ ವರದಿ ಮಾಡಿದ್ದರು. ಚರ್ಮ ತಡೆಯುವ ಚಳಿಯನ್ನು ಕೊಬ್ಬಿನ ಕೋಶ ತಡೆಯದು. ಈ ಎಳೆ ಹಿಡಿದು ಬಾಸ್ಟನ್ನಿನಲ್ಲಿ ಡೀಟರ್ ಮನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಹಂದಿಗಳ ಮೇಲೆ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 2010ರಲ್ಲಿ ಅಮೆರಿಕದ ಎಫ್‌ಡಿಎ ಸೊಂಟದ ಪಕ್ಕದ ಮಡಿಕೆಗೆಂದು ಅನುಮತಿ ಕೊಟ್ಟಿತು. ಸತ್ತ ಕೋಶಗಳನ್ನು ದೇಹ ಎರಡು ಮೂರು ತಿಂಗಳಲ್ಲಿ ಸಾಗಿಸುತ್ತದೆ, ಪದರ ಸ್ವಲ್ಪ ತೆಳುವಾಗುತ್ತದೆ. ತೂಕ ಇಳಿಸುವ ಮಾತು ಅಲ್ಲಿ ಬರುವುದೇ ಇಲ್ಲ. ವಿರಳವಾಗಿ ಉಲ್ಟಾ ಹೊಡೆಯುವುದೂ ಉಂಟು: ತಣ್ಣಗೆ ಮಾಡಿದ ಜಾಗದಲ್ಲೇ ಕೊಬ್ಬು ಬೆಳೆದು ಗಟ್ಟಿ ಗಡ್ಡೆಯಾಗುತ್ತದೆ. ಒಂದು ಕಾಲಕ್ಕೆ ಜಗತ್ತಿನ ಫ್ಯಾಷನ್ ಪತ್ರಿಕೆಗಳ ಮುಖಪುಟ ಆಳಿದ ಲಿಂಡಾ ಇವಾಂಜಲಿಸ್ಟಾ ತನಗೆ ಹೀಗಾಗಿದೆ ಎಂದು 2021ರಲ್ಲಿ ಹೇಳಿಕೊಂಡರು. ಪೋಸ್ಟರಿನಲ್ಲಿ ನಗುತ್ತಿರುವ ಬಿಳಿ ಹುಡುಗಿಗೆ ಕರಗಿಸಲು ಮೊದಲೇ ಏನೂ ಇದ್ದಂತಿಲ್ಲ.

ಪ್ಯಾಡುಗಳನ್ನು ಅಂಟಿಸಿ ಬೆಲ್ಟು ಕಟ್ಟಿ ಕರೆಂಟು ಬಿಟ್ಟಾಗ ಹೊಟ್ಟೆ ತಾನೇ ಕುಣಿಯುತ್ತದೆ. ಹತ್ತು ನಿಮಿಷ. ನಗು ತಡೆಯುವುದು ಕಷ್ಟ. ಪರದೆಯಾಚೆಯವರೂ ನಗುತ್ತಾರೆ.

ಕೊನೆಯದು ಹಾಟ್ ಬ್ಲ್ಯಾಂಕೆಟ್. ಅಡುಗೆಮನೆಯ ಕ್ಲಿಂಗ್ ಫಿಲ್ಮನ್ನೇ ಎದೆಯಿಂದ ತೊಡೆಯವರೆಗೆ ಸುತ್ತಿ, ಮೇಲೆ ದಪ್ಪ ಕಂಬಳಿ ಹೊದಿಸಿ ಸ್ವಿಚ್ಚು ಒತ್ತುತ್ತಾಳೆ. ಐದು ನಿಮಿಷಕ್ಕೆ ಬೆನ್ನ ಕೆಳಗೆ ಬೆವರು ಹರಿಯತೊಡಗುತ್ತದೆ. ಕೈ ಒಳಗೆ ಸಿಕ್ಕಿಬಿದ್ದಿದೆ, ಮೂಗು ತುರಿಸುತ್ತದೆ. ಕೇಳಿದರೆ ಅವಳೇ ಟಿಶ್ಯೂ ಹಿಡಿದು ಒರೆಸುತ್ತಾಳೆ. ಫೋನು ಲಾಕರಿನಲ್ಲಿ. ಮಗಳ ಟ್ಯೂಷನ್ ಫೀಸು, ಗ್ಯಾಸ್ ಬುಕಿಂಗು, ಅತ್ತೆಯ ಬಿಪಿ ಮಾತ್ರೆ ಒಂದೊಂದಾಗಿ ನೆನಪಾಗುತ್ತವೆ, ಒಂದಕ್ಕೂ ಎದ್ದುಹೋಗುವಂತಿಲ್ಲ.

ಹುಡುಗಿ ಸ್ಟೂಲಿನ ತುದಿಯಲ್ಲಿ ಕೂತು ಆರಿದ ಟೀ ಕುಡಿಯುತ್ತಾಳೆ. ಬೆಳಿಗ್ಗೆ ಒಂಬತ್ತೂವರೆಯಿಂದ ನಿಂತೇ ಇದ್ದಾಳಂತೆ, ಊಟ ನಾಲ್ಕಕ್ಕಾದರೆ ಪುಣ್ಯ. ರೊಟ್ಟಿ ಸಿಗುವ ಖಾನಾವಳಿ ದೂರ, ಪಿಜಿಯ ಅನ್ನ ಸೇರುವುದಿಲ್ಲ.

“ನಾ ಇಲ್ಲಿ ಕೆಲಸಕ್ಕ ಸೇರಿಂದ ಆರು ಕೆಜಿ ಇಳಿದೀನ್ರಿ ಅಕ್ಕಾರ,” ಅನ್ನುತ್ತಾಳೆ. “ಮಿಷನ್ ಇಲ್ದನ.”

ಕಂಬಳಿ ತೆಗೆದಾಗ ಫ್ಯಾನಿನ ಗಾಳಿ ಮೈಗೆ ಚುರುಗುಟ್ಟುತ್ತದೆ. ತೂಕ 300 ಗ್ರಾಂ ಕಡಿಮೆ, ಅಷ್ಟೂ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಬಿದ್ದಿದೆ. ಮತ್ತೆ ಟೇಪು. ಈ ಸಲ ಬೆರಳು ಹೊರಗಿದೆ, ಟೇಪು ಬಿಗಿಯಾಗಿದೆ, ಹೊಕ್ಕುಳಿಗಿಂತ ತುಸು ಮೇಲೆ, ನಡು ಸಣ್ಣಗಿರುವ ಕಡೆ ಕೂತಿದೆ.

“ಒಂದೂವರಿ ಇಂಚು ಕಮ್ಮಿ ಆಗೈತ್ರಿ!”

“ಹೊಕ್ಕುಳದ ಮೇಲೇ ಹಿಡಿ ನೋಡೋಣ, ಕಣಮ್ಮ.”

ಅವಳು ಪರದೆಯತ್ತ ಒಮ್ಮೆ ನೋಡಿ, ಮಾತಾಡದೆ ಟೇಪು ಇಳಿಸುತ್ತಾಳೆ. ಅರ್ಧ ಇಂಚು ಇದ್ದರೂ ಇರಬಹುದು, ಇಲ್ಲವೆಂದರೂ ನಡೆಯುತ್ತದೆ. “ಇದನ್ನ ಬರೀಲೇನ್ರಿ?” ಎಂದು ಮೆಲ್ಲಗೆ ಕೇಳುತ್ತಾಳೆ. “ಮೇಡಂ ಬೈತಾರ್ರಿ.” ಮೊದಲು ಹೇಳಿದ್ದನ್ನೇ ಬರಿ ಅನ್ನುತ್ತೀರಿ. ಅವಳು ದುಂಡಗಿನ ಅಕ್ಷರದಲ್ಲಿ 37.5 ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಾಳೆ.

ಹೊರಗೆ ಆ ಕಾರ್ಡು ಹಿಡಿದು ಕೌನ್ಸೆಲರ್ ಕಾದಿದ್ದಾರೆ. ಕ್ಯಾಲ್ಕ್ಯುಲೇಟರ್ ಹೊರಬಂದಿದೆ. ಹನ್ನೆರಡು ಸಿಟ್ಟಿಂಗಿಗೆ 45,000, ಆಷಾಢಕ್ಕೆ 27,000, ಇಎಂಐ ಇದೆ, ಕಟ್ಟಿದ ಹಣ ವಾಪಸಿಲ್ಲ ಎನ್ನುವುದು ರಸೀದಿಯ ಹಿಂದೆ ಸಣ್ಣಕ್ಷರದಲ್ಲಿದೆ. ಫ್ರೀಜಿಂಗ್ ಸೇರಿಸಿದರೆ ಹತ್ತು ಕಿಲೋ ಗ್ಯಾರಂಟಿ ಎಂದೂ ಹೇಳಿಬಿಡುತ್ತಾರೆ. ಆ ಯಂತ್ರದ ಹೆಸರಿನಲ್ಲಿ ತೂಕ ಇಳಿಕೆಯ ಜಾಹೀರಾತು ಕೊಟ್ಟ ದೊಡ್ಡ ಸಂಸ್ಥೆಯೊಂದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ 3 ಲಕ್ಷ ರೂಪಾಯಿ ದಂಡ ಹಾಕಿತ್ತು. ಎಫ್‌ಡಿಎ ಒಪ್ಪಿದ್ದು ಬಿಎಂಐ 30ರೊಳಗಿನವರ ಅಲ್ಲಲ್ಲಿನ ಕೊಬ್ಬಿನ ಮಡಿಕೆಗೆ ಮಾತ್ರ ಎಂಬುದು ಆ ಆದೇಶದಲ್ಲೇ ಇದೆ. ಬೇಕಾದರೆ ಇದನ್ನೆಲ್ಲ ಈಗ ಹೇಳಬಹುದು. ಹೇಳುವುದಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಅಂಗಡಿಯಿಂದ ಮರ್ಯಾದೆಯಾಗಿ ಹೊರಬರಲು ಒಂದು ಮಾತಿದೆ, ಸೀರೆ ಅಂಗಡಿಯಲ್ಲಿ, ಚಿಟ್ ಫಂಡಿನವರ ಹತ್ತಿರ, ಎಲ್ಲೆಲ್ಲೂ ನಡೆದದ್ದು.

“ಯಜಮಾನರನ್ನ ಒಂದು ಮಾತು ಕೇಳಿ ಹೇಳ್ತೀನಿ ಮೇಡಂ.”

ಕೌನ್ಸೆಲರ್ ನಗುತ್ತಾರೆ. ಅವರೂ ಹೆಂಗಸೇ. ಪೆನ್ನಿನ ಕ್ಯಾಪು ತೆಗೆದು, ನೀವು ತುಂಬಿದ ಫಾರಂ ತಿರುಗಿಸಿ ಮುಂದಿಡುತ್ತಾರೆ.

“ಸರ್ ನಂಬರ್ ಕೊಡಿ ಮೇಡಂ, ನಾನೇ ಮಾತಾಡ್ತೀನಿ. ಅವರಿಗೂ ಒಂದು ಹೊಟ್ಟೆ ಪ್ಯಾಕೇಜ್ ಇದೆ.”