ಎರಿಮಣ್ಣಿನ ದ್ವಾರಕೆ

ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಸಮುದ್ರ ಕಂಡವರಿಗಿಂತ ದ್ವಾರಕೆ ಕಂಡವರೇ ಹೆಚ್ಚು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡ ಹತ್ತಿರದ ಪಡುಗಡಲಿಗೆ ಬೆನ್ನು ಹಾಕಿ ಕೂಡಲಸಂಗಮದ ದಾರಿ ಹಿಡಿಯುತ್ತಾಳೆ. ಅಂಥ ನಾಡಿನ ಎರಿ ಹೊಲಗಳ ನಡುವೆ ಬಂದರಿನ ಊರೊಂದು ಎದ್ದು ನಿಲ್ಲುವುದು ಶ್ರೀಕೃಷ್ಣ ಪಾರಿಜಾತದ ಆಟವಿದ್ದ ರಾತ್ರಿ. ಹಾರ್ಮೋನಿಯಂ ಸುರುವಾಗುತ್ತದೆ, ಭಾಮೆ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಬರುತ್ತಾಳೆ, ಅಲ್ಲಿಗೆ ದ್ವಾರಕೆ ಆಯಿತು. ಹಡಗಿಲ್ಲ, ತೆರೆಯಿಲ್ಲ, ಉಪ್ಪುಗಾಳಿಯ ಮಾತೂ ಇಲ್ಲ. ಬೆಳಗಾದರೆ ಅದೇ ಜಾಗದಲ್ಲಿ ಶೇಂಗಾ ಒಣಹಾಕಿರುತ್ತಾರೆ.

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಅಳವಡಿಸಿದ, ಮುಂದೆ ಕೌಜಲಗಿ ನಿಂಗಮ್ಮ ಅದರಲ್ಲಿ ಹೆಸರು ಮಾಡಿದರು. ಇದರಲ್ಲಿ ತಕರಾರಿಲ್ಲ. ತಕರಾರು ಏಳುವುದು ಮರುದಿನ ಕಟ್ಟೆಯ ಮೇಲೆ, ನಿದ್ದೆಗಣ್ಣಲ್ಲಿ ಚಹಾ ಕುಡಿಯುವಾಗ.

“ಅಲ್ಲೋ ಮಾವಾ, ಆ ಗೊಲ್ಲತಿ ಹಾಲಿನ ಗಡಿಗಿ ಹೊತ್ಕೊಂಡು ಗೋಕುಲದಿಂದ ಬಂದ್ಲೇನ? ದ್ವಾರಕಿ ಮುಟ್ಟೂದ್ರಾಗ ಹಾಲು ಒಡೀಲಿಲ್ಲೇನ?”

“ದ್ವಾರಕ್ಯಾಗ ಆಕಳಾ ಇರಲಿಲ್ಲಂತ ನಿನಗ್ಯಾರ ಹೇಳ್ಯಾರ? ಯಾದವ್ರು ಊರು ಬಿಡೂಮುಂದ ದನಾ ಬಿಟ್ಟು ಬಂದಿದ್ರೇನ?”

ಈಗ ಜರಾಸಂಧ ಬರಲೇಬೇಕು. ಭಾಗವತದ ಲೆಕ್ಕದಲ್ಲಿ ಅವನು ಮಥುರೆಯ ಮೇಲೆ 17 ಸಲ ಏರಿ ಬಂದು ಸೋತ. ಮತ್ತೆ ಬರುವ ಹೊತ್ತಿಗೆ ಕಾಲಯವನನೂ ಬಾಗಿಲಲ್ಲಿದ್ದ. ಕೃಷ್ಣ ಸಮುದ್ರದಲ್ಲಿ 12 ಯೋಜನದ ಕೋಟೆ ಕಟ್ಟಿಸಿ, ಯೋಗಬಲದಿಂದ ತನ್ನವರನ್ನೆಲ್ಲ ಅಲ್ಲಿಗೆ ಸಾಗಿಸಿದ. ತನ್ನವರು ಅಂದರೆ ಮಂದಿ ಅಷ್ಟೆಯೋ, ದನಕರುಗಳೂ ಸೇರಿಯೋ? ಒಕ್ಕಲುತನದವರ ಕಟ್ಟೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಚಹಾ ಇನ್ನೊಂದು ಸುತ್ತು ಬರುತ್ತದೆ.

ಅಷ್ಟರಲ್ಲಿ ಮತ್ತೊಬ್ಬ ಅಳತೆಗೆ ಇಳಿದಿರುತ್ತಾನೆ. ಯೋಜನಕ್ಕೆ ಎಂಟು ಮೈಲಿ ಹಿಡಿದರೂ ಊರು 96 ಮೈಲಿ ಉದ್ದ. ಅದರಲ್ಲಿ 16,108 ಹೆಂಡಿರ ಮನೆಗಳು. ಕೃಷ್ಣ ರುಕ್ಮಿಣಿಗೆ ಪಾರಿಜಾತದ ಹೂವು ಕೊಟ್ಟ ಸುದ್ದಿ ಭಾಮೆಗೆ ಅಷ್ಟು ಬೇಗ ಹೆಂಗ ಮುಟ್ಟಿತು? ಒಂದು ಹಾಡು ಮುಗಿಯುವುದರೊಳಗೆ ಕೃಷ್ಣ ಆ ಮನೆಯಿಂದ ಈ ಮನೆಗೆ ಹೆಂಗ ನಡೆದ?

ಇಲ್ಲಿ ಕಟ್ಟೆಯ ಕಾನೂನು ಹೇಳಬೇಕು. “ದೇವರಿಗೇನು ಅಸಾಧ್ಯ” ಎಂದವನು ಸೋತ. “ಇದೆಲ್ಲಾ ಕಟ್ಟುಕತಿ ಬಿಡ್ರೋ” ಎಂದವನೂ ಸೋತ. ಎರಡೂ ಬಾಗಿಲು ಮುಚ್ಚಿಕೊಂಡು ಒಳಗೇ ಉತ್ತರ ಹುಡುಕಬೇಕು. ಎರಡು ಮನೆಗಳೂ ಒಂದೇ ಓಣಿಯಲ್ಲಿದ್ದವು, ಇಲ್ಲದಿದ್ದರೆ ಸವತಿಯರ ಜಗಳಕ್ಕೆ ಇಷ್ಟು ಕಾವು ಬರುತ್ತಿರಲಿಲ್ಲ ಎಂಬುದು ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಗಟ್ಟಿಯಾದದ್ದು. ನನಗೂ ಅದೇ ಸರಿ ಅನ್ನಿಸುತ್ತದೆ.

ಈ ಶಿಸ್ತು ಎಲ್ಲಿಂದ ಬಂತು ಎಂದರೆ ನಾನು ಹರದೇಸಿ-ನಾಗೇಸಿ ಕಡೆ ಬೆರಳು ಮಾಡುತ್ತೇನೆ. ಶಿವ ಹೆಚ್ಚು ಎಂದು ಒಂದು ಮೇಳ, ಶಕ್ತಿ ಹೆಚ್ಚು ಎಂದು ಇನ್ನೊಂದು ಮೇಳ, ತುಂತುಣಿ ದಪ್ಪಿನ ಜೊತೆ ಬೆಳತನಕ ಸವಾಲು-ಜವಾಬು. ಹಾಡುವವರು ಮನೆಯಲ್ಲಿ ಏನು ನಂಬುತ್ತಾರೋ ಯಾರೂ ಕೇಳುವುದಿಲ್ಲ. ಹಿಡಿದ ಪಕ್ಷ ಬಿಡಬಾರದು, ಪುರಾಣದ ಹೊರಗಿನ ಸಾಕ್ಷಿ ತರಬಾರದು. ಇದನ್ನು ಕೇಳಿ ಬೆಳೆದ ಕಿವಿಗೆ ಇಲ್ಲದ ಊರಿನ ಓಣಿ ಅಳೆಯುವುದು ಕಷ್ಟವೇನಲ್ಲ.

ಎಲ್ಲ ಕತೆಯ ಜೊತೆಗೂ ಹೀಗೆ ಆಡಲಾಗದು. ಸಂಗ್ಯಾ ಬಾಳ್ಯಾನ ಕತೆ ಬೈಲಹೊಂಗಲದಲ್ಲೇ ನಡೆದದ್ದು ಎನ್ನುತ್ತಾರೆ. ಆ ಮಾತು ಬಂದಾಗ ದನಿಗಳು ತಗ್ಗುತ್ತವೆ, ಯಾರ ಮನೆತನಕ್ಕೆ ತಾಗೀತೋ ಎಂದು. ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಬಗ್ಗೆ ವಾದಿಸಹೋದರೆ ಕಾಗದಪತ್ರ ಮುಂದಿಡಬೇಕು. ದ್ವಾರಕೆಗೆ ವಾರಸುದಾರರಿಲ್ಲ, ದಫ್ತರವೂ ಇಲ್ಲ. ಅಲ್ಲಿ ಬಾಯ್ತುಂಬ ಜಗಳಾಡಬಹುದು.

ಕಾಲೇಜಿಗೆ ಹೋಗುವ ಹುಡುಗನೊಬ್ಬ ದಫ್ತರ ತಂದೇ ತಂದ. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಎಸ್. ಆರ್. ರಾವ್, ಲೋಥಲ್ ಅಗೆದವರು, 1980ರ ದಶಕದಲ್ಲಿ ಗುಜರಾತಿನ ದ್ವಾರಕೆಯ ಕಡಲಲ್ಲಿ ಮುಳುಗುಗಾರರನ್ನು ಇಳಿಸಿ ಕಟ್ಟಡದ ಕಲ್ಲು, ತೂತು ಕೊರೆದ ಕಲ್ಲಿನ ಲಂಗರು ಪತ್ತೆಮಾಡಿದ್ದರು. ಮಹಾಭಾರತದ ದ್ವಾರಕೆ ಇದೇ ಎಂದು ಅವರ ವಾದ. ಅಷ್ಟು ಹಳೆಯವಲ್ಲ, ಎಷ್ಟೋ ಲಂಗರುಗಳು ಮಧ್ಯಯುಗದ ಬಂದರಿನವು ಎಂದು ಆಮೇಲಿನವರು. ಹುಡುಗ ಎರಡೂ ಕಡೆಯದನ್ನು ನೆಟ್ಟಗೆ ಹೇಳಿದ. ಕಟ್ಟೆ ಮರ್ಯಾದೆಯಿಂದ ಕೇಳಿತು. ಕೊನೆಗೆ ಮಾವ, “ಕಲ್ಲು ಸಿಕ್ಕಿದ್ದು ಖರೇ ಇರಬೇಕು ತಮ್ಮಾ. ಭಾಮಿ ಮನಿ ಯಾವ ದಿಕ್ಕಿಗಿತ್ತು ಅಂತ ಗೊತ್ತಾತೇನ?” ಅಂದ.

ನಕ್ಕರೂ, ಮಾವನದು ದಡ್ಡತನ ಎಂದು ನಾನು ಒಪ್ಪುವುದಿಲ್ಲ. ರಾವ್ ಹುಡುಕಿದ್ದು ಒಂದು ಊರು, ಮಾವ ಕೇಳುತ್ತಿದ್ದದ್ದು ಬೇರೊಂದು. ಹೆಸರು ಮಾತ್ರ ಒಂದೇ.

ಊರು ಮುಳುಗಿದ ಮಾತು ಬಂದಾಗ ಮಾತ್ರ ಕಟ್ಟೆಯ ಲಹರಿ ಬೇರೆ. ಕೃಷ್ಣ ಹೋದ ಮೇಲೆ ಅವನ ಮನೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಡಲು ನುಂಗಿತು ಎನ್ನುತ್ತದೆ ಪುರಾಣ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಬಂದಾಗ ಹೊಲಮನೆ ನೀರಿಗೆ ಕೊಟ್ಟು ಎದ್ದು ಬಂದವರು ಈ ಸೀಮೆಯಲ್ಲಿದ್ದಾರೆ. ಅವರಿಗೆ ಮುಳುಗಡೆಯ ಲೆಕ್ಕ ಬರುತ್ತದೆ. ಅಂಥ ಮನೆಯ ಅಜ್ಜಿಯೊಬ್ಬಳು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಊರು ಮುಳಗಿತಲ್ಲ, ಆ ಪಾರಿಜಾತದ ಗಿಡಾ ಏನಾತು?” ಎಂದು ಕೇಳಿದಳು.

ಪುರಾಣ ಓದಿದ ಮಾಸ್ತರರು ಇದ್ದರು. ವಿಷ್ಣುಪುರಾಣದ ಪ್ರಕಾರ ಗಿಡ ತಿರುಗಿ ಸ್ವರ್ಗಕ್ಕೆ ಹೋಯಿತು ಎಂದರು.

“ಹೋಗ್ಲಿ ಬಿಡ್ರಿ. ಗಿಡಾ ಭಾಮಿ ಅಂಗಳದಾಗಿತ್ತು, ಹೂವು ಉದರತಿದ್ದದ್ದು ರುಕ್ಮಿಣಿ ಅಂಗಳದಾಗ. ಪರಿಹಾರ ಯಾರಿಗಿ ಬರೀತಾರ?”

“ಉತಾರದಾಗ ಯಾರ ಹೆಸರದನೋ ಅವ್ರಿಗೇ,” ಎಂದ ಮಾವ.

“ಇಂದ್ರನ ಕಡಿಂದ ಕಸಗೊಂಡು ತಂದ ಗಿಡಕ್ಕ ಉತಾರ ಎಲ್ಲಿಂದ ಬರಬೇಕೋ?”