ಮಂಗ ಸತ್ತ ಕಾಡಿನಲ್ಲಿ ರೋಗದ ಜಾಡು

ಸಾಗರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಮಲೆನಾಡು ನಿಧಾನವಾಗಿ ಬಯಲಿನತ್ತ ಇಳಿಯುವುದು ಕಾಣುತ್ತದೆ. ಅಡಿಕೆ ತೋಟ, ಭತ್ತದ ಗದ್ದೆ, ಕೆರೆ, ಅವುಗಳ ನಡುವೆ ದಟ್ಟ ಹಸಿರಿನ ಕಾನು. ಗಂಧದ ಕೆತ್ತನೆಗೂ ಚಂದ್ರಗುತ್ತಿಯ ಕೋಟೆಗೂ ಹೆಸರಾದ ಸೊರಬ ತಾಲ್ಲೂಕಿನಲ್ಲೇ ಕ್ಯಾಸನೂರು ಇದೆ. ಪ್ರವಾಸಿಗರು ಈ ಊರನ್ನು ಹುಡುಕಿಕೊಂಡು ಬರುವುದಿಲ್ಲ. ಆದರೆ ಜಗತ್ತಿನ ವೈರಾಣು ತಜ್ಞರಿಗೆಲ್ಲ ಇದರ ಹೆಸರು ಗೊತ್ತು. ಅವರ ಪುಸ್ತಕಗಳಲ್ಲಿರುವ 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ನಮ್ಮ ಹಳ್ಳಿಗಳ ಬಾಯಲ್ಲಿ ಮಂಗನ ಕಾಯಿಲೆ.

1957ರ ಬೇಸಿಗೆ ಅದು. ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಮುಟ್ಟಿತು. ಅಲ್ಲಿನವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಬಂದಾಗಲೂ ಮಂಗಗಳು ಹೀಗೇ ಸಾಯುತ್ತವೆ. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದೆ. ರೋಗ ಮಾತ್ರ ಬಂದಿರಲಿಲ್ಲ. ಬಂದಿದ್ದರೆ ಗತಿಯೇನು?

ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್, ಪನಾಮಾದಲ್ಲಿ ಕೆಲಸ ಮಾಡಿ ಬಂದಿದ್ದ ಹೆರಾಲ್ಡ್ ಟ್ರಾಪಿಡೋ ಹಾಗೂ ಭಾರತೀಯ ಸಹೋದ್ಯೋಗಿಗಳು ಕಾಡು ಹೊಕ್ಕರು. ಸತ್ತ ಮಂಗಗಳಿಂದ ವೈರಾಣು ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ದೂರದ ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಬಂಧು!

ರೋಗದ ಜಾಡು ಹಿಡಿಯುವವರು ಕೇಳುವ ಪ್ರಶ್ನೆಗಳು ಸರಳ: ಯಾರಿಗೆ ಬಂತು? ಎಲ್ಲಿ? ಯಾವಾಗ? ಸೌದೆ ತರಲು, ದರಗು ಗುಡಿಸಲು, ದನ ಮೇಯಿಸಲು ಕಾಡಿಗೆ ಹೋದವರಿಗೆ ಬಂತು. ಮನೆಯಲ್ಲಿ ರೋಗಿಯ ಆರೈಕೆ ಮಾಡಿದವರಿಗೆ ಅವರಿಂದ ಅಂಟಲಿಲ್ಲ. ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ಮಳೆ ಹಿಡಿದರೆ ಇಳಿಯಿತು. ಎಳೆಯ ಉಣುಗುಗಳು ಹೆಚ್ಚುವ ಕಾಲವೂ ಅದೇ. ಮುಂದೆ ಇಲ್ಲಿ ದುಡಿದ ಕೊಲಂಬಿಯಾದ ಹೋರ್ಹೆ ಬೊಶೆಲ್ ಇನ್ನೊಂದು ಕೊಂಡಿ ತೋರಿಸಿದರು. ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಬಿಟ್ಟಾಗ, ದನಗಳ ರಕ್ತ ಕುಡಿದು ಉಣುಗುಗಳು ಬೆಳೆಯುತ್ತವೆ. ದನಕ್ಕೆ ರೋಗವಿಲ್ಲ, ಉಣುಗಿಗೆ ಮಾತ್ರ ಹಬ್ಬ.

ವಿದ್ಯಾರ್ಥಿಗಳೇ, ಈ ವಿದ್ಯೆಗೆ ಸಾಂಕ್ರಾಮಿಕ ರೋಗಶಾಸ್ತ್ರವೆಂದು ಹೆಸರು. ಪನಾಮಾದಲ್ಲಿ ಕಲಿತದ್ದು ಸೊರಬದಲ್ಲಿ ನೆರವಾಯಿತು. ಸೊರಬದಲ್ಲಿ ಕಲಿತದ್ದು ಜಗತ್ತಿಗೆ ಪಾಠವಾಯಿತು. ಇದಕ್ಕೆ ವೈದ್ಯರಷ್ಟೇ ಸಾಲದು. ಪಶುವೈದ್ಯರು, ಕೀಟ ಬಲ್ಲವರು, ಸಂಖ್ಯಾಶಾಸ್ತ್ರ ಓದಿದವರು, ಹಳ್ಳಿಯವರ ಜೊತೆ ಕೂತು ಮಾತಾಡಬಲ್ಲವರು ಎಲ್ಲರೂ ಬೇಕು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಎರಡು ವರ್ಷಗಳ ತರಬೇತಿಯೊಂದನ್ನು ಆರಂಭಿಸಿತು. ಅದಕ್ಕೆ ಮಾದರಿ ಅಮೆರಿಕದಲ್ಲಿ 1951ರಲ್ಲಿ ಶುರುವಾದ ತರಬೇತಿ. ರೋಗ ಕಾಣಿಸಿಕೊಂಡಲ್ಲಿಗೆ ಹೋಗಿ ಕಲಿಯುವುದೇ ಅದರ ಮುಖ್ಯ ಪಾಠ.

ಮಗಳು ಕಾಡುಮೇಡು ಅಲೆಯುವ ಕೆಲಸಕ್ಕೆ ಹೋಗುತ್ತೇನೆಂದರೆ ಹೆತ್ತವರಿಗೆ ದಿಗಿಲಾಗುವುದು ಸಹಜ. ಆ ದಿಗಿಲು ಸುಳ್ಳಲ್ಲ. ಈ ವೈರಾಣುವನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದವರಿಗೂ ಆಗ ಸೋಂಕು ತಗುಲಿತ್ತು. ಇಂದು ಸುರಕ್ಷತೆಯ ಕ್ರಮಗಳು ಬಿಗಿಯಾಗಿವೆ, ಆದರೂ ಎಚ್ಚರ ತಪ್ಪುವಂತಿಲ್ಲ. ಸಂಜೆ ಕ್ಲಿನಿಕ್ಕಿನ ಮುಂದೆ ರೋಗಿಗಳ ಸಾಲೂ ಇರುವುದಿಲ್ಲ. ಗೆದ್ದಾಗ ಬಾರದೆ ಹೋದ ಕಾಯಿಲೆಯನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಆದರೂ ಆ ಕೆಲಸಕ್ಕೆ ಜನ ಬೇಕೇ ಬೇಕು. ಮಂಗನ ಕಾಯಿಲೆ ಶಿವಮೊಗ್ಗದಲ್ಲಿ ನಿಲ್ಲಲಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಕೇರಳ, ಗೋವಾ, ಮಹಾರಾಷ್ಟ್ರಗಳನ್ನೂ ಮುಟ್ಟಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದ ಮನೆಗಳಲ್ಲಿ ಸಾವು ತಂದಿತು. ವರ್ಷಗಟ್ಟಲೆ ಕೊಟ್ಟ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆಂದು 2022ರಲ್ಲಿ ಕೈಬಿಡಲಾಯಿತು. ಸೌದೆಗೆ, ದರಗಿಗೆ ಕಾಡಿಗೆ ಹೋಗದೆ ಬದುಕು ಸಾಗದ ಮನೆಗಳು ಇಲ್ಲಿ ಇನ್ನೂ ಇವೆ. ಕ್ಯಾಸನೂರಿನ ಮುಂದಿನ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಇದೇ ತಾಲ್ಲೂಕಿನ ಶಾಲೆಗಳಿಂದಲೇ ಬಂದರೆ, ಅವರಿಗೆ ಕಾಡಿನ ದಾರಿಯನ್ನು ಯಾರೂ ತೋರಿಸಬೇಕಿಲ್ಲ.