ಒಳಗೇ ಕೂತ ಮದುವೆ ಕ್ಯಾಸೆಟ್ಟು

ನಮ್ಮೂರಿನವರ ಲೆಕ್ಕದಲ್ಲಿ ಕಂಪ್ಯೂಟರ್ ಇಂಜಿನಿಯರ್ ಅಂದರೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಡಿಶ್ಶಿನಲ್ಲಿ ಚಂದನ ಬರದಿದ್ದರೆ, ಮೊಬೈಲಿನ ಗಂಟೆ ಬಾರಿಸದಿದ್ದರೆ ಕರೆಯಬಹುದಾದ ಮನುಷ್ಯ. ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸ ಏನು ಅಂತ ಅಪ್ಪಯ್ಯನಿಗೆ ಹೇಳಿ ಹೇಳಿ ಸಾಕಾಗಿದೆ. ಕಡೆಗೆ ಅವರೇ ಒಂದು ಅರ್ಥ ಮಾಡಿಕೊಂಡಿದ್ದಾರೆ: "ಬೇರೆಯೋರ ಲೆಕ್ಕಪತ್ರ ಕಳ್ದು ಹೋಗದ ಹಾಗೆ ಕಾಯದು." ಅದು ಹೆಚ್ಚುಕಮ್ಮಿ ಸರಿಯೇ. ಒಂದು ಕಡೆ ಹಾಳಾದರೆ ಇನ್ನೊಂದು ಕಡೆಯಿಂದ ತೆಗೆಯಲು ಬರಬೇಕು, ಅಲ್ಲೂ ಹಾಳಾದರೆ ಮತ್ತೊಂದು ಕಡೆಯಿಂದ. ಇದಕ್ಕೇ ನನಗೆ ಸಂಬಳ.

ಆಷಾಢದ ಒಂದು ರಾತ್ರಿ ಅಮ್ಮನ ಫೋನು ಬಂತು. "ಮದುವೆ ಕ್ಯಾಸೆಟ್ಟು ಕಂಪ್ಯೂಟರ್ ಒಳಗೇ ಕೂತ್ಕಂಡು ಬಿಟ್ಟಿದೆ ಕಣೋ. ಬರ್ತಾನೇ ಇಲ್ಲ."

ಅಮ್ಮನಿಗೆ ಸೀಡಿಯೂ ಕ್ಯಾಸೆಟ್ಟೇ, ಡೀವಿಡಿಯೂ ಕ್ಯಾಸೆಟ್ಟೇ. ಯಾವ ಕ್ಯಾಸೆಟ್ಟು ಅಂತ ನಾನು ಕೇಳಬೇಕಾಗಿರಲಿಲ್ಲ. 2006ರ ಮೇ ತಿಂಗಳಲ್ಲಿ ಅಕ್ಕನ ಮದುವೆಯಾದಾಗ ತೀರ್ಥಹಳ್ಳಿ ಕಡೆಯ ವಿಡಿಯೋದವನು ಮೂರು ವಿಸಿಡಿ ಕೊಟ್ಟಿದ್ದ. ಮೇಲೆ ಅಕ್ಕ ಭಾವ ಹಾರ ಹಿಡಿದು ನಿಂತ ಬಣ್ಣದ ಸ್ಟಿಕ್ಕರು. ಮೂರರಲ್ಲಿ ಎರಡನೆಯದು ಮದುವೆಯ ಹಿಂದಿನ ರಾತ್ರಿಯದು. ಚಪ್ಪರದಲ್ಲಿ ಹೆಂಗಸರು ಸೋಬಾನೆ ಹೇಳುತ್ತಿದ್ದಾಗ ಕರೆಂಟು ಹೋಯಿತು. ವಿಡಿಯೋದವನ ದೊಡ್ಡ ಲೈಟು ಆರಿತು, ಕ್ಯಾಮೆರಾ ಬ್ಯಾಟರಿಯದ್ದಾದ್ದರಿಂದ ಓಡುತ್ತಲೇ ಇತ್ತು. ಗ್ಯಾಸ್ ಲೈಟಿನ ಬೆಳಕಿನಲ್ಲಿ ಅಜ್ಜಿಯ ಅರ್ಧ ಮುಖ, ಮೂಗುಬೊಟ್ಟು ಇಷ್ಟೇ ಕಾಣೋದು. ದನಿ ಮಾತ್ರ ಸ್ಪಷ್ಟ. ಅಜ್ಜಿ 2009ರಲ್ಲಿ ತೀರಿಕೊಂಡಳು. ಮನೆಯಲ್ಲಿ ಅವಳ ಫೋಟೋ ನಾಲ್ಕಾರು ಇವೆ. ದನಿ ಇರುವುದು ಅದೊಂದರಲ್ಲೇ.

ಅಮ್ಮ ಅದನ್ನು ಸುಮ್ಮನೆ ನೋಡಲು ಹಾಕಿದ್ದಲ್ಲ. ಮಾರ್ಗಶಿರದಲ್ಲಿ ಚಿಕ್ಕಮ್ಮನ ಮಗಳ ಮದುವೆ ನಿಶ್ಚಯವಾಗಿತ್ತು. ಅಜ್ಜಿಯ ಹಾಡುಗಳನ್ನು ಈಗ ಹೇಳಬೇಕಾದವಳು ಅಮ್ಮ. ಮೂವತ್ತು ವರ್ಷ ಅತ್ತೆಯ ಹಿಂದೆ ಕೂತು ದನಿ ಸೇರಿಸಿದವಳಿಗೆ ರಾಗವೆಲ್ಲ ಬರುತ್ತೆ, ಮುಂದೆ ಕೂತು ಎತ್ತಿಕೊಳ್ಳಲು ಹೋದರೆ ಪದ ತಪ್ಪುತ್ತೆ. ಅದಕ್ಕೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತಿದ್ದಳಂತೆ.

"ಅದರ ಕಾಪಿ ಮಾಡಿ ಇಟ್ಕೊಳ್ತೀನಿ ಅಂದಿದ್ಯಲ, ಅದನ್ನೇ ಕಳಿಸು ಹಾಗಾದ್ರೆ," ಅಂದಳು ಅಮ್ಮ.

ಅಂದಿದ್ದೆ. ಅಜ್ಜಿಯ ಹನ್ನೊಂದನೇ ದಿನಕ್ಕೆ ಅಂದಿದ್ದೆ, ಆಮೇಲೆ ಪ್ರತಿ ಹಬ್ಬಕ್ಕೆ ಹೋದಾಗಲೂ ಅಂದಿದ್ದೆ. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ. ಮಾಡಿರಲಿಲ್ಲ.

ಫೋನಿನಲ್ಲೇ ನಮ್ಮ ವಿದ್ಯೆ ಶುರುವಾಯಿತು. ಹಾಡಿಸುವ ಪ್ರೋಗ್ರಾಮ್ ಡಿಸ್ಕನ್ನು ಹಿಡಿದುಕೊಂಡಿದ್ದರೆ ಗುಂಡಿ ಒತ್ತಿದರೂ ಟ್ರೇ ಬರುವುದಿಲ್ಲ, ಅದನ್ನು ಮುಚ್ಚಿ ಅಂದೆ. ಮೈ ಕಂಪ್ಯೂಟರಿಗೆ ಹೋಗಿ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಒತ್ತಿ ಅಂದೆ. ರೀಸ್ಟಾರ್ಟ್ ಮಾಡಿ ಅಂದೆ. ಅಪ್ಪಯ್ಯ ಹೇಳಿದ್ದೆಲ್ಲ ಮಾಡಿದರು. ಪ್ರತಿ ಸಲವೂ ಫೋನಿನಲ್ಲಿ 'ಗಿರ್ರ್... ಟಕ್' ಅಂತ ಕೇಳಿಸುತ್ತಿತ್ತು. ಮೋಟರು ಟ್ರೇಯನ್ನು ತಳ್ಳುತ್ತಿದೆ, ಎಲ್ಲೋ ತಾಗಿ ಹಿಂದಕ್ಕೆಳೆದುಕೊಳ್ಳುತ್ತಿದೆ. ಇದು ಸಾಫ್ಟ್‌ವೇರ್ ಕಾಯಿಲೆ ಅಲ್ಲ ಅಂತ ಆಗಲೇ ಗೊತ್ತಾಯಿತು. ಮುಂಭಾಗದ ಸಣ್ಣ ತೂತಿಗೆ ಪಿನ್ನು ಹಾಕಿ ಅನ್ನೋಣ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಇನ್ನು ಮುಟ್ಬೇಡಿ, ನಾನೇ ಬರ್ತೀನಿ" ಅಂದೆ.

ಬಂದದ್ದು ದೀಪಾವಳಿಗೆ. ಮಧ್ಯೆ ಮೂರು ತಿಂಗಳು ಏನು ಮಾಡಿದೆ ಅಂತ ಕೇಳಬೇಡಿ. ಒಂದು ರಿಲೀಸ್ ಇತ್ತು, ಆಮೇಲೆ ಇನ್ನೊಂದು ರಿಲೀಸ್ ಇತ್ತು.

ಕಂಪ್ಯೂಟರಿನ ಮೇಲೆ ಅಮ್ಮ ಹಳೇ ಸೀರೆ ಹೊದಿಸಿದ್ದಳು. ಮೂರು ತಿಂಗಳಿಂದ ಯಾರೂ ಸ್ವಿಚ್ ಹಾಕಿಲ್ಲ. ಪೇಟೆಯ ಅಂಗಡಿಯ ಹುಡುಗ ಬಿಚ್ಚಿ ತೆಗೆದುಕೊಡ್ತೀನಿ ಅಂದಿದ್ದನಂತೆ, ಅಪ್ಪಯ್ಯ ಒಪ್ಪಲಿಲ್ಲ. "ನಮ್ಮುಡುಗ ಇದ್ನೇ ಓದಿದಾನೆ" ಅಂತ ಹೇಳಿ ಕಳಿಸಿದರಂತೆ. ನಾನು ಬಿಇ ಓದಿದ ನಾಲ್ಕು ವರ್ಷದಲ್ಲಿ ಒಂದು ಸೀಡಿ ಡ್ರೈವಿನ ಹೊಟ್ಟೆ ಬಿಚ್ಚಿ ನೋಡಿದವನಲ್ಲ. ಆ ಕಂಪ್ಯೂಟರ್ ಕೂಡಾ ಆಗ ಸಾಲ ಮಾಡಿ ಕೊಂಡದ್ದು, ಕೆಲಸ ಸಿಕ್ಕ ಮೇಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ತಂದು ಬಿಟ್ಟದ್ದು. ಆಗಿನ ನನ್ನ ಸೀಡಿಗಳೆಲ್ಲ ಈಗ ಗದ್ದೆಯಲ್ಲಿ ದಾರಕ್ಕೆ ನೇತಾಡುತ್ತಾ ಗಿಣಿ ಓಡಿಸುತ್ತಿವೆ. ಅವುಗಳಿಂದ ಆದ ದೊಡ್ಡ ಉಪಯೋಗ ಅದೇ ಇರಬೇಕು.

ವೈರು ಕಿತ್ತು ಕೆಲಸ ಶುರು ಮಾಡಿದೆ. ಕಿತ್ತೇ ಮಾಡಬೇಕು. 52 ಎಕ್ಸ್ ಅಂತ ಬರೆದ ಡ್ರೈವಿನಲ್ಲಿ ಡಿಸ್ಕು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಹತ್ತಿರ ತಿರುಗಬಲ್ಲದು, ಅದು ತಿರುಗುವಾಗ ಬಾಗಿಲು ತೆಗೆಯುವ ಕೆಲಸ ಅಲ್ಲ. ಡ್ರೈವಿನ ಮುಖದ ಮೇಲೆ, ಗುಂಡಿಯ ಪಕ್ಕ, ಸಾಸಿವೆಯಷ್ಟು ತೂತು ಇರುತ್ತೆ. ನಿಮ್ಮದರಲ್ಲೂ ಇದೆ ನೋಡಿ. ಅದರೊಳಗೆ ಗಟ್ಟಿ ತಂತಿ ನೇರವಾಗಿ ತೂರಿಸಿದರೆ ಒಳಗಿನ ಸನ್ನೆಗೆ ತಾಗಿ ಹಲ್ಲುಚಕ್ರದ ಹಿಡಿತ ಬಿಡುತ್ತೆ, ಟ್ರೇ ಒಂದು ಬೆರಳಿನಷ್ಟು ಮುಂದೆ ಬರುತ್ತೆ. ಕರೆಂಟೇ ಬೇಡ. ನಮ್ಮೂರಿನಂಥ ಊರಿಗೆ ಅಂತಲೇ ಯಾರೋ ಯೋಚನೆ ಮಾಡಿ ಇಟ್ಟ ಹಾಗಿದೆ.

ತಂತಿಯದ್ದೇ ಒಂದು ಕತೆ. ಅಮ್ಮನ ಹೇರ್‌ಪಿನ್ನು ದಪ್ಪ. ದಬ್ಬಣ ಅದಕ್ಕಿಂತ ದಪ್ಪ. ಬೇಲಿ ಕಟ್ಟುವ ಬೈಂಡಿಂಗ್ ವೈರು ಒಳಗೆ ಹೋಗಿ ಮಡಚಿಕೊಂಡಿತು. ಕಡೆಗೆ ಅಪ್ಪಯ್ಯ ಸೊಸೈಟಿಯಿಂದ ಬಂದ ಸಾಲದ ನೋಟೀಸಿನ ಕಂತೆಯಿಂದ ಜೆಮ್ ಕ್ಲಿಪ್ ತೆಗೆದುಕೊಟ್ಟರು. "ಆ ನೋಟೀಸಿಂದ ಇಷ್ಟಾದ್ರೂ ಪ್ರಯೋಜನ ಆಗ್ಲಿ."

ಕ್ಲಿಪ್ಪು ಬಿಡಿಸಿ ತೂರಿಸಿದೆ. ಮೆತ್ತಗೆ ತಡೆ ಸಿಕ್ಕಿತು, ಒತ್ತಿದೆ, ಟ್ರೇ ಅರ್ಧ ಇಂಚು ಬಂತು. ಉಗುರು ಸಿಕ್ಕಿಸಿ ಎಳೆದೆ. ಇನ್ನೊಂದು ಇಂಚು ಬಂದು ನಿಂತಿತು. ಟಾರ್ಚು ಹಿಡಿದು ನೋಡಿದರೆ ಅಕ್ಕ ಭಾವನ ಸ್ಟಿಕ್ಕರು. ಆ ಮಳೆಗಾಲದ ತೇವ, ಡ್ರೈವಿನೊಳಗಿನ ಬಿಸಿ, ಎರಡೂ ಸೇರಿ ಅಂಚು ಎದ್ದು ಮೇಲೆ ಎಲ್ಲೋ ಸಿಕ್ಕಿಕೊಂಡಿತ್ತು.

"ಜೋರಾಗಿ ಎಳೆ, ಬರ್ತದೆ," ಅಂದರು ಅಪ್ಪಯ್ಯ. ಎಳೆಯುವ ಹಾಗಿರಲಿಲ್ಲ. ನಾವೆಲ್ಲ ಸೀಡಿಯ ಕೆಳಗಿನ ಹೊಳೆಯುವ ಬದಿಗೆ ಗೀರು ಬೀಳದ ಹಾಗೆ ಜೋಪಾನ ಮಾಡ್ತೀವಿ. ಆ ಬದಿಗೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ದಪ್ಪದ ಪ್ಲಾಸ್ಟಿಕ್ ಕಾವಲಿದೆ. ನಿಜವಾದ ಬೆಳ್ಳಿ ಬಣ್ಣದ ಪದರ ಇರುವುದು ಮೇಲೆ, ಹೆಸರು ಬರೆಯುವ ಬದಿಯಲ್ಲಿ, ತೆಳ್ಳನೆ ವಾರ್ನಿಷ್ಷಿನಂಥದ್ದರ ಕೆಳಗೆ. ಸ್ಟಿಕ್ಕರು ಕಿತ್ತರೆ ಆ ಪದರವೂ ಜೊತೆಗೆ ಕಿತ್ತು ಬರಬಹುದು. ಅಜ್ಜಿ ಇರುವುದು ಆ ಪದರದಲ್ಲಿ.

ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಲೆಯ ಮೇಲಿದ್ದದ್ದು ಇಳಿಸಿ ಬಂದು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು.

ತೆಳ್ಳಗೂ ಇರಬೇಕು, ನುಣ್ಣಗೂ ಇರಬೇಕು, ಮಡಚಲೂಬಾರದು, ಅಂಥದ್ದು ಏನಿದೆ ಮನೆಯಲ್ಲಿ? ಅಪ್ಪಯ್ಯನ ಮಂಡಿಯ ಎಕ್ಸ್‌ರೇ ಇತ್ತು. ಅದರಿಂದ ಅಂಗೈ ಅಗಲದ ಪಟ್ಟಿ ಕತ್ತರಿಸಿ, ಎದ್ದ ಅಂಚಿನ ಮೇಲೆ ತೂರಿಸಿ, ಕಾಗದವನ್ನು ಡಿಸ್ಕಿಗೆ ಒತ್ತಿ ಹಿಡಿದುಕೊಂಡು ಟ್ರೇಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆದೆ. ಅರ್ಧ ಗಂಟೆ ಹಿಡಿಯಿತು. ಕೈ ನಡುಗುತ್ತಿತ್ತು. ಆಫೀಸಿನಲ್ಲಿ ಲಕ್ಷಾಂತರ ಜನರ ಲೆಕ್ಕ ಇರುವ ಮಶೀನಿನ ಮುಂದೆ ಕೂತಾಗ ಒಂದು ದಿನವೂ ಹೀಗೆ ನಡುಗಿಲ್ಲ.

ಬಂತು. ಅಂಚಿನಲ್ಲಿ ನಾಲ್ಕಾಣೆಯಷ್ಟು ಜಾಗದಲ್ಲಿ ಬೆಳ್ಳಿ ಎದ್ದಿತ್ತು. ದೀಪಕ್ಕೆ ಹಿಡಿದರೆ ಅಲ್ಲಿ ಆರಪಾರ ಕಾಣುತ್ತಿತ್ತು.

ಎದ್ದ ಕಾಗದವನ್ನು ಕೀಳದೆ ಕತ್ತರಿಯಲ್ಲಿ ಸವರಿ ಲ್ಯಾಪ್‌ಟಾಪಿಗೆ ಹಾಕಿದೆ. ಅದರಲ್ಲಿ ಡಿಸ್ಕನ್ನು ನಡುವಿನ ಗುಬುಟಿಗೆ ಕೈಯಲ್ಲೇ ಒತ್ತಿ ಕೂರಿಸುವುದು, ಮೇಲಿನಿಂದ ಹಿಡಿಯುವ ಭಾಗ ಇಲ್ಲ, ಹಾಗಾಗಿ ಮತ್ತೆ ಸಿಕ್ಕಿಕೊಳ್ಳುವ ಭಯ ಕಮ್ಮಿ. ವೇಗ ತಗ್ಗಿಸಿ, ಓದಲಾಗದ ಜಾಗ ಬಿಟ್ಟು ಮಿಕ್ಕಿದ್ದನ್ನು ನಕಲು ಮಾಡುವ ಪ್ರೋಗ್ರಾಮ್ ಹಚ್ಚಿದೆ. ಸೀಡಿ ಬರೆಯುವುದು ಒಳಗಿನಿಂದ ಹೊರಕ್ಕೆ, ಜಿಲೇಬಿ ಸುತ್ತಿದ ಹಾಗೆ. ಅಂಚು ಹಾಳಾದರೆ ಹೋಗುವುದು ಕಡೆಯ ಭಾಗ. ಕಡೆಯಲ್ಲಿ ಏನಿತ್ತು ಅಂತ ನನಗೆ ನೆನಪಿರಲಿಲ್ಲ, ಅಮ್ಮನನ್ನು ಕೇಳಲು ಧೈರ್ಯ ಬರಲಿಲ್ಲ.

ನಕಲಾದದ್ದನ್ನು ಮೂವರೂ ಕೂತು ನೋಡಿದೆವು. ಅಮ್ಮ ನೋಟ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಣ್ಣೆ ಅರಿಶಿನದ ಹಾಡು ಬಂತು, ಧಾರೆಯ ಹಾಡು ಬಂತು. ಕರೆಂಟು ಹೋಯಿತು, ಅಜ್ಜಿಯ ಮೂಗುಬೊಟ್ಟು ಬಂತು. ಹೆಣ್ಣು ಒಪ್ಪಿಸಿಕೊಡುವ ಹಾಡಿನ ನಡುವೆ ಚಿತ್ರ ಚೌಕ ಚೌಕವಾಗಿ ಒಡೆದು, ಅಜ್ಜಿ ಬಾಯಿ ತೆರೆದಲ್ಲೇ ನಿಂತಳು. ಆಮೇಲೆ ಏನೂ ಇಲ್ಲ.

"ಇನ್ನೆರಡು ನುಡಿ ಇತ್ತು. ಅದು ನಂಗೆ ಬರ್ತದೆ, ಬಿಡು," ಅಂದಳು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಹಾಡು ಮುಗ್ಸಿ ವಿಡಿಯೋದವ್ನಿಗೆ ಎಂತೋ ಹೇಳಿ ನಗ್ತಾರಲ, ಅದೂ ಹೋಯ್ತಾ?" ಅಂತ ಕೇಳಿದಳು.

"'ಊಟ ಮಾಡಿದ್ಯೇನಾ' ಅಂತ ಕೇಳಿದ್ದು," ಅಂದರು ಅಪ್ಪಯ್ಯ.

"ಅಲ್ಲ. 'ಕತ್ತಲಲ್ಲಿ ನಾನು ಚಂದ ಕಾಣ್ತೀನೇನಾ' ಅಂದಿದ್ದು."

"ಊಟದ್ದೇ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಅವತ್ತು ಅಲ್ಲಿರಲಿಲ್ಲ. ಕರೆಂಟು ಹೋಗಿತ್ತಲ್ಲ, ಜನರೇಟರ್ ತರಲು ಜೀಪು ಹತ್ತಿ ಪೇಟೆಗೆ ಹೋಗಿದ್ದೆ.